ಕಾಂತರಾಜು ಮೇಷ್ಟರ ಗೆರೆ ಎಳೆಯುವ ಯಂತ್ರ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಬೆಳಗಾಗುವುದೇ ಮಗ್ಗಗಳ ಕಟಕಟ ಸದ್ದಿನಿಂದ. ಗೋಡೆಯಾಚೆಯಿಂದ ಅದು ಕೇಳಿದಾಗಲೆಲ್ಲ ಟ್ಯೂಷನ್ ಮೇಷ್ಟರು ಕಾಂತರಾಜು ಮೂಗು ಮುರಿಯುತ್ತಿದ್ದರು. ಹುಟ್ಟಿದಾರಭ್ಯ ಲಾಳಿ ಓಡಿಸುವ ಜನ, ಇವರ ಮಕ್ಕಳಿಗೆ ಬೀಜಗಣಿತ ಬೇರೆ ಕೇಡು!

ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ಮೇಲೆ ಆ ಮೂಗು ಇನ್ನೂ ಮೇಲಕ್ಕೇರಿತು. ಅಲ್ಲಿ ಕೆಲಸಕ್ಕಿದ್ದ ಭಾವಮೈದುನ ಬೈರೇಶ ವಿದೇಶದಿಂದ ಬರುವವರ ಕೈಲಿ ಒಂದು ಗ್ರಾಫ್ ಕ್ಯಾಲ್ಕುಲೇಟರ್ ತರಿಸಿಕೊಟ್ಟಿದ್ದ. ಸಮೀಕರಣ ಒತ್ತಿದರೆ ಸಾಕು, ಪುಟ್ಟ ಪರದೆಯ ಮೇಲೆ ಗೆರೆ ತಾನೇ ಮೂಡುತ್ತಿತ್ತು. ಅಂದಿನಿಂದ ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ ಎಲ್ಲ ಅವರ ಬಾಯಲ್ಲಿ ಕೂಲಿ ಕೆಲಸ. ಆಯುಧಪೂಜೆಯ ದಿನ ಬೈಕಿಗಿಂತ ಮೊದಲು ಅದಕ್ಕೇ ಪೂಜೆ. ಕುಂಕುಮ ಕಲಸಿ ಒಂದೊಂದು ಗುಂಡಿಗೂ ಬೊಟ್ಟಿಟ್ಟರು.

"ಸಂದಿಯೊಳಕ್ಕೆ ಇಳಿದ್ಬಿಡ್ತದೆ ಕಣ್ರೀ," ಎಂದಳು ಹೆಂಡತಿ ಶಶಿರೇಖಾ.

"ಮಿಕ್ಸಿ ತಿರುಗ್ಸೋಳು ನೀನು, ನಂಗೆ ಹೇಳ್ಕೊಡ್ತೀಯಾ?"

ದಸರಾ ರಜೆ ಮುಗಿದ ಮೇಲೆ ತೂಬಗೆರೆ ಕಡೆಯ ಹೊಸ ಶಾಲೆಯೊಂದು ಅವರನ್ನು ಮಾದರಿ ಪಾಠಕ್ಕೆ ಕರೆಯಿತು. ಪಾಠ ಮೆಚ್ಚುಗೆಯಾದರೆ ಗಣಿತ ಮೇಷ್ಟರ ಕೆಲಸ ಅವರದೇ. ಜಗಲಿಯ ಟ್ಯೂಷನ್ನಿಗೂ ಮಗ್ಗದ ಸದ್ದಿಗೂ ಒಟ್ಟಿಗೇ ಕೈಮುಗಿಯಬಹುದಿತ್ತು.

ಮುಖ್ಯೋಪಾಧ್ಯಾಯಿನಿ ಅನುಸೂಯಮ್ಮ ಹಿಂದಿನ ಬೆಂಚಿನಲ್ಲಿ ಕೂತರು. ಕಾಂತರಾಜು ಹಲಗೆಯ ಮೇಲೆ y = -2x + 6 ಎಂದು ಬರೆದರು.

"ನೀವು ಹಾಳೆ ಮೇಲೆ ತೆವಳ್ಕೊಂಡು ಬನ್ರಪ್ಪಾ. ನಂದು ಆಗ್ಲೇ ಮುಗೀತು."

ಯಂತ್ರವನ್ನು ಎತ್ತಿ ತೋರಿಸಿದರು. ಪರದೆಯಲ್ಲಿ ಗೆರೆ ಎಡದಿಂದ ಬಲಕ್ಕೆ ಏರುತ್ತ ಹೋಗಿತ್ತು. ಮಕ್ಕಳ ಹಾಳೆಗಳಲ್ಲಿ ಅದು ಇಳಿದಿತ್ತು.

"ಸಾರ್, ಎಕ್ಸ್ ಮುಂದೆ ಮೈನಸ್ ಇದ್ರೆ ಗೆರೆ ಇಳೀಬೇಕಲ್ವಾ?" ಎಂದಳು ಮುಂದಿನ ಸಾಲಿನ ಹರ್ಷಿತ.

"ಒಬ್ಬರದ್ದೊಬ್ಬರು ನೋಡಿ ಬರ್ದಿದ್ದೀರ. ಎಲ್ಲಾ ಅಳಿಸಿ!"

ಹೇಳುತ್ತಲೇ ಪರದೆ ನೋಡಿದರು. 2x + 6. ಮೈನಸ್ ಇರಲಿಲ್ಲ. ಆ ಗುಂಡಿಯನ್ನು ಒತ್ತಿದರು, ಉಗುರಿನಿಂದ ಮತ್ತೆ ಒತ್ತಿದರು, ಅಲುಗಲಿಲ್ಲ. ಅಂಚಿನಲ್ಲಿ ಒಣಗಿದ ಕೆಂಪು ಕಂಡಿತು. ಗುಂಡಿ ಅಂಟಿಕೊಂಡಿದೆ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಪೆನ್ಸಿಲ್ ಹಿಡಿದ ಮಕ್ಕಳ ಮುಂದೆ ಅಷ್ಟು ಸಣ್ಣ ಮಾತಿಗೆ ಅವರ ಗಂಟಲು ಒಪ್ಪಲಿಲ್ಲ.

"ಅಳಿಸಿ ಅಂದ್ನಲ್ಲ!"

ಒಬ್ಬೊಬ್ಬರೇ ರಬ್ಬರ್ ತೆಗೆದರು. ಅನುಸೂಯಮ್ಮ ಎದ್ದು ನಿಂತರು.

"ಯಾರೂ ಅಳಿಸ್ಬೇಡಿ ಮಕ್ಕಳೇ, ಸರಿಯಾಗೇ ಇದೆ. ಮೇಷ್ಟ್ರೇ, ಆ ಮಿಷಿನ್ ಸ್ವಲ್ಪ ಇಲ್ಲಿ ಕೊಡ್ತೀರಾ?"

ಕಾಂತರಾಜು ಅದನ್ನು ಜೇಬಿಗೆ ಸೇರಿಸಿದರು.

"ನಿಮ್ಗೆ ಇದೆಲ್ಲ ಗೊತ್ತಾಗಲ್ಲ ಬಿಡಿ, ಮೇಡಂ," ಎನ್ನುತ್ತ ಬಾಗಿಲ ಕಡೆ ನಡೆದರು. "ಫಾರಿನ್ ಮಿಷಿನ್ ಇದು, ಇದರ ಲೆಕ್ಕಾನೇ ಬೇರೆ. ಅಲ್ಲಾ, ನಿಮ್ಮಂಥೋರ ಸ್ಕೂಲಿಗೆ ಬರ್ಬೇಕು ಅಂತ ನಾನೇನು ಕಾದು ಕೂತಿದ್ನಾ?"

ಮಾರನೆಯ ಬೆಳಿಗ್ಗೆ ಗೋಡೆಯಾಚೆ ಮಗ್ಗಗಳು ಕಟಕಟ ಎನ್ನತೊಡಗಿದಾಗ ಕಾಂತರಾಜು ಮತ್ತದೇ ಜಗಲಿಯ ಮೇಲೆ ಕೂತು, ಮೈನಸ್ ಗುಂಡಿಯ ಸಂದಿಯ ಕುಂಕುಮವನ್ನು ಸೂಜಿಯಿಂದ ಕೆರೆಯುತ್ತಿದ್ದರು.