ಕುಂಕುಮವಲ್ಲದ ಕೆಂಪು

ಮೇಡಂ ಅವರ ಎಡಹುಬ್ಬು ಪೂರ್ತಿ ಇರಲಿಲ್ಲ. ಅದರ ತುದಿ ಬರ್ನರಿನ ಉರಿಗೆ ಸುಟ್ಟು, ಮತ್ತೆ ಬೆಳೆದು, ಮತ್ತೆ ಸುಟ್ಟು, ಕಡೆಗೆ ಬೆಳೆಯುವುದನ್ನೇ ಬಿಟ್ಟಿತ್ತು. ಉರಿಯ ಹತ್ತಿರ ಮುಖ ತರಬಾರದೆಂದು ನಮಗೆ ದಿನವೂ ಹೇಳುತ್ತಿದ್ದವರು ಅವರೇ. ಒಮ್ಮೆ ನಾನು ಆ ಹುಬ್ಬನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆನೇನೋ, "ನಿಮಗ ಪಾಠ ಹೇಳಾಕ ಅಂತ ಹಂಗ ಇಟ್ಕೊಂಡೀನವಾ," ಎಂದು ನಕ್ಕರು.

ಗದಗಿನ ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ಅವರು ಮುಖ್ಯಸ್ಥರು. ನಾನು ಎಂ.ಎಸ್ಸಿ. ಮುಗಿಸಿ, ಲಕ್ಷ್ಮೇಶ್ವರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತ, ಅವರ ಕೈಕೆಳಗೆ ಸಂಶೋಧನಾ ಸಹಾಯಕಿಯಾಗಿದ್ದೆ. ನನ್ನದು ಕಡಿಮೆ ಮಾತು. ಹೆಚ್ಚಿನವರು ಅದನ್ನು ತಿದ್ದಲು ನೋಡುತ್ತಾರೆ, ಅವರು ನೋಡಲಿಲ್ಲ. ಮಧ್ಯಾಹ್ನ ಮೊಣಕೈವರೆಗೆ ಕೈ ತೊಳೆದು, ನನ್ನನ್ನೂ ಕರೆದುಕೊಂಡು ಹೊರಗಿನ ಬೇವಿನ ಮರದ ಕಟ್ಟೆಗೆ ಹೋಗುತ್ತಿದ್ದರು. "ಒಳಗ ಅವು ಉಣ್ಣಲಿ, ಹೊರಗ ನಾವು ಉಣ್ಣೂಣು." ಅವು ಅಂದರೆ ಪ್ಲೇಟುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ರೊಟ್ಟಿ ಮುಗಿಯುವವರೆಗೆ ಇಬ್ಬರೂ ಸುಮ್ಮನಿರುತ್ತಿದ್ದೆವು. ಅಷ್ಟು ಆರಾಮದ ಮೌನ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಕೆಲಸದಲ್ಲಿ ಅವರದು ಒಂದೇ ಮಾತು: "ಕಂಡದ್ದು ಮೊದಲು ಬರಿ. ಅನ್ಕೊಂಡದ್ದು ಆಮ್ಯಾಲ ಬರಿ." ಕೇಳಲು ಸುಲಭ. ಅದರ ಬೆಲೆ ನನಗೆ ತಿಳಿದದ್ದು ಒಂದು ದಸರೆಯಲ್ಲಿ.

ಆ ದಿನಗಳಲ್ಲಿ ಡೋಣಿ ಎಂಬ ಊರಿನ ಒಬ್ಬ ಬಾಣಂತಿ ವಾರ್ಡಿನಲ್ಲಿದ್ದಳು. ಹೆರಿಗೆಗೆ ಕೊಯ್ದ ಗಾಯ ಮಾಯದೆ ಕೀವಾಗಿತ್ತು, ಜ್ವರ ಇಳಿಯುತ್ತಿರಲಿಲ್ಲ. ನಮ್ಮ ಮೊದಲ ರಿಪೋರ್ಟಿನಂತೆ ಕೊಡುತ್ತಿದ್ದ ಔಷಧ ನಾಟದಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕಾದೀತು ಎಂದು ವೈದ್ಯರು ಹೇಳಿದ್ದರು. ಅವಳ ತಾಯಿ ಕೂಸನ್ನು ಎದೆಗವಚಿಕೊಂಡು ನಮ್ಮ ಕಿಟಕಿಗೆ ಬಂದು ನಿಲ್ಲುತ್ತಿದ್ದಳು.

"ರಿಪೋಟ ಬಂತೇನ್ರಿ ಯವ್ವಾ?"

"ನಾಳೆ ಬರ್ರಿ," ಅನ್ನುತ್ತಿದ್ದೆ.

"ನಾಳೆ ನಾಳೆ ಅಂತೀರಿ. ಈ ಕೂಸಿಗೆ ಅವ್ವನ ಮಕಾನs ಗೊತ್ತಿಲ್ಲ. ನನ್ನs ಅವ್ವ ಅಂತ ತಿಳ್ಕೊಂಡು ಎದಿ ತಡಕತೈತ್ರಿ."

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ಅವಳ ಮಗಳ ಕೀವನ್ನು ಮತ್ತೊಮ್ಮೆ ತರಿಸಿ, ಹೊಸ ಪ್ಲೇಟಿನ ಮೇಲೆ ಗೆರೆಗೆರೆಯಾಗಿ ಹಚ್ಚಿ ಇನ್‌ಕ್ಯುಬೇಟರಿನಲ್ಲಿಟ್ಟೆವು. ಮೈಯ ಬಿಸಿಯಷ್ಟೇ ಬಿಸಿ ಕಾಯುವ ಪೆಟ್ಟಿಗೆ ಅದು. ಆಮೇಲೆ ನಮ್ಮ ಅಟೆಂಡರ್ ಸೂಕ್ಷ್ಮದರ್ಶಕದಿಂದ ಹಿಡಿದು ಕತ್ತರಿಯವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದ. ಪೂಜೆ ಮುಗಿಸಿ ನಾವು ಮನೆಗೆ ಹೋದೆವು.

ಮರುದಿನ ಬನ್ನಿಹಬ್ಬ, ವಿಜಯದಶಮಿ. ರಜೆ ಇದ್ದರೂ ಮೇಡಂ ಬಂದರು, ನನ್ನನ್ನೂ ಬರಹೇಳಿದ್ದರು. ಪೆಟ್ಟಿಗೆ ತೆರೆದರೆ ತಣ್ಣಗಿತ್ತು. ಗುಂಡಿ ಯಾರೋ ಆರಿಸಿದ್ದರು. ಮೇಡಂ ಅಟೆಂಡರನನ್ನು ಕರೆದು ಕೇಳಿದಾಗ ಅವನು ಮುಚ್ಚಿಡಲಿಲ್ಲ. ಅವರನ್ನು ಅವನು ಅಕ್ಕಾರ ಎಂದೇ ಕರೆಯುತ್ತಿದ್ದ.

"ನಾನs ಬಂದ್ ಮಾಡೀನ್ರಿ ಅಕ್ಕಾರ. ಖಂಡೇ ಪೂಜಿ ದಿನ ಮಗ್ಗಕ್ಕೂ ಬಿಡುವು ಕೊಡ್ತೀವಿ. ಇದು ಪಾಪ, ವರ್ಸಪೂರ್ತಿ ಉರೀತೈತಿ. ಒಂದಿನಾನೂ ಬ್ಯಾಡೇನ್ರಿ?"

ನನಗೆ ಸಿಟ್ಟು ಬಂತು. ಕಿಟಕಿಯ ಹೊರಗೆ ಕೂಸಿನ ಅಳು ಕೇಳುತ್ತಿತ್ತು. ಮೇಡಂ ಸಿಟ್ಟಾಗಲಿಲ್ಲ. ಅವರೂ ಬೆಟಗೇರಿಯ ನೇಕಾರರ ಮನೆಯವರು, ಅವನ ಓಣಿಯವರೇ. "ಖಂಡೇ ಪೂಜಿ ದಿನ ಮಗ್ಗದ ಲಾಳಿ ಮುಟ್ಟಿದ್ರ ನಮ್ಮಪ್ಪ ಕೈ ಮ್ಯಾಲ ಬಡೀತಿದ್ದ," ಅಂದರು. "ಖರೆ, ಕೇಳಿ ಬಂದ್ ಮಾಡಬೇಕಿತ್ತೋ ತಮ್ಮಾ. ಇದರೊಳಗ ಮಂದಿ ಜೀವ ಇಟ್ಟಿರ್ತೀವಿ." ಅವನು ತಲೆ ತಗ್ಗಿಸಿದ.

ನಾನು ಪ್ಲೇಟು ಹೊರತೆಗೆದೆ. ಮೇಲೆಲ್ಲ ಕೆಂಪು ಚುಕ್ಕೆ.

"ಕುಂಕುಮ ಬಿದ್ದೈತ್ರಿ ಮೇಡಂ. ಇದೂ ಹೋತು." ಪ್ಲೇಟನ್ನು ಕಸದ ಡಬ್ಬಿಯ ಕಡೆಗೆ ಚಾಚಿದ್ದೆ.

"ಏನು ಕಂಡಿ?"

"ಕೆಂಪು ಚುಕ್ಕಿ."

"ಮತ್ತ ಕುಂಕುಮ ಅಂದವರ‍್ಯಾರು?"

ಅವರು ಪ್ಲೇಟನ್ನು ಬೆಳಕಿಗೆ ಹಿಡಿದರು. ಚುಕ್ಕೆಗಳು ಚೆಲ್ಲಾಪಿಲ್ಲಿ ಇರಲಿಲ್ಲ. ನಾವು ಕೀವು ಹಚ್ಚಿದ ಗೆರೆಗುಂಟ, ಹೊಲಿಗೆ ಹಾಕಿದಂತೆ ಸಾಲಾಗಿ, ಒದ್ದೆಯಾಗಿ ಹೊಳೆಯುತ್ತಿದ್ದವು. "ಕುಂಕುಮ ಗೆರಿ ಹಿಡದು ಬೀಳ್ತೈತೇನವಾ?"

ಸೆರಾಷಿಯಾ ಎಂಬ ಬ್ಯಾಕ್ಟೀರಿಯಾ ಅದು. ಅದರ ಕೆಲವು ತಳಿಗಳು ತಂಪಿನಲ್ಲಿ ಬೆಳೆದರೆ ಕೆಂಪು ಬಣ್ಣ ಕಟ್ಟುತ್ತವೆ. ಮೈಬಿಸಿಯಲ್ಲಿ ಬೆಳೆದರೆ ಬೆಳ್ಳಗೆ, ಇತರ ಹತ್ತಾರು ಬ್ಯಾಕ್ಟೀರಿಯಾಗಳಂತೆಯೇ ಕಾಣುತ್ತವೆ. ಬಾಣಂತಿಯ ಮೊದಲಿನ ಕೀವಿನಲ್ಲೂ, ಅದೇ ವಾರ್ಡಿನಿಂದ ಹಿಂದೆ ಬಂದ ಬೇರೆ ಕೀವಿನಲ್ಲೂ ಬೆಳ್ಳಗಿನದೇ ಬೆಳೆದಿತ್ತು. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಎಂದು ರಿಪೋರ್ಟು ಹೋಗಿತ್ತು. ವೈದ್ಯರು ಅದನ್ನು ನಂಬಿ ಕೊಡುತ್ತಿದ್ದ ಔಷಧ ಸೆರಾಷಿಯಾಕ್ಕೆ ಹುಟ್ಟಿನಿಂದಲೇ ನಾಟುವುದಿಲ್ಲ.

ಹಬ್ಬ ಅಲ್ಲಿಗೆ ಮುಗಿಯಿತು. ಖಚಿತ ಮಾಡುವ ಪರೀಕ್ಷೆಗಳನ್ನೂ ಯಾವ ಔಷಧ ನಾಟುತ್ತದೆಂಬ ಪರೀಕ್ಷೆಯನ್ನೂ ಕೂಡಲೇ ಹಚ್ಚಿದೆವು. ಮರುದಿನ ಫಲಿತಾಂಶ ಬಂದಾಗ ಫೋನು ಮಾಡಲು ನಾನು ಕೈ ಚಾಚಿದೆ. ಮೇಡಂ ತಡೆದರು. "ಮೊದಲಿನ ರಿಪೋರ್ಟಿಗೆ ನನ್ನ ಸಹಿ ಐತಿ. ನಾನs ಹೋಗಿ ಹೇಳ್ತೀನಿ." ವಾರ್ಡಿನಲ್ಲಿ, ಅವರಿಗಿಂತ ತೀರ ಚಿಕ್ಕ ವಯಸ್ಸಿನ ವೈದ್ಯರ ಎದುರಿಗೆ, "ನಮ್ಮ ರಿಪೋರ್ಟು ತಪ್ಪಿತ್ರಿ," ಎಂದು ಅವರು ಹೇಳಿದ ರೀತಿ ಈಗಲೂ ಕಣ್ಣ ಮುಂದಿದೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಔಷಧ ಅಂದೇ ಬದಲಾಯಿತು.

ಅದು ವಾರ್ಡಿಗೆ ಬಂದದ್ದಾದರೂ ಎಲ್ಲಿಂದ? ಮೇಡಂ ವಾರ್ಡಿನ ನಲ್ಲಿ, ತಟ್ಟೆ, ಟೇಬಲ್ಲು ಎಲ್ಲವನ್ನೂ ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ಪರೀಕ್ಷೆಗೆ ತರಿಸಿದರು. ಕೊನೆಗೆ ಸಿಕ್ಕಿದ್ದು ಗಾಯ ತೊಳೆಯುವ ಔಷಧದ ಡಬ್ಬಿಯಲ್ಲಿ. ಖಾಲಿ ಮಾಡಿ ತೊಳೆಯದೆ, ಕಡಿಮೆಯಾದಂತೆಲ್ಲ ಮೇಲಿಂದ ಸುರಿದು ತುಂಬುತ್ತಿದ್ದರು. ನರ್ಸ್ ನಂಬಲಿಲ್ಲ. "ಹುಳಾ ಕೊಲ್ಲೋ ಔಷಧದಾಗ ಹುಳಾ ಹೆಂಗ ಇರ್ತೈತ್ರಿ?"

ತೋರಿಸುವ ಕೆಲಸ ನನ್ನದಾಯಿತು. ಡಬ್ಬಿಯಲ್ಲಿ ಸಿಕ್ಕ ಮತ್ತು ಗಾಯದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಡಿಎನ್ಎಯನ್ನು ಬೇರೆ ಬೇರೆ ತೆಗೆದು, ತುಂಡರಿಸಿ, ಜೆಲ್ಲಿನ ಲೋಳೆಹಾಳೆಯಲ್ಲಿ ಕರೆಂಟು ಹರಿಸಿ ಅಕ್ಕಪಕ್ಕ ಓಡಿಸಿದೆ. ಎರಡರಲ್ಲೂ ಅವೇ ಪಟ್ಟಿಗಳು, ಅದೇ ಅಂತರದಲ್ಲಿ ಮೂಡಿದವು. ಮೇಡಂ ಆ ಚಿತ್ರವನ್ನು ನರ್ಸಿನ ಮುಂದೆ ಹಿಡಿದು, "ಅಂಚು ನೋಡವಾ. ಎರಡೂ ಒಂದs ಮಗ್ಗದ ಸೀರಿ," ಅಂದರು. ಆಕೆ ಚಿತ್ರ ನೋಡಿದಳು, ಹೋಗಿ ಡಬ್ಬಿಯನ್ನು ಚೆಲ್ಲಿದಳು. ಆಮೇಲೆ ಆ ವಾರ್ಡಿನಿಂದ ಅಂಥ ಕೀವು ಬರಲಿಲ್ಲ.

ಡೋಣಿಯ ಬಾಣಂತಿಯ ಜ್ವರ ಇಳಿಯಿತು, ಗಾಯ ಒಣಗತೊಡಗಿತು. ಊರಿಗೆ ಹೊರಡುವ ದಿನ ತಾಯಿ, ಮಗಳು ಇಬ್ಬರೂ ನಮ್ಮ ಕಿಟಕಿಗೆ ಬಂದರು. ಕೂಸು ಮಗಳ ಎದೆಯ ಮೇಲಿತ್ತು.

"ಈಗ ನನ್ನ ಕಡಿ ಬರವಲ್ದು ನೋಡ್ರಿ ಇದು," ಎಂದು ಮುದುಕಿ ದೂರು ಹೇಳಿದಳು.

"ಎಂಥಾ ಛಲೋ ದೂರು ತಂದ್ಯವಾ!" ಎಂದು ಮೇಡಂ ಜೋರಾಗಿ ನಕ್ಕರು. ಆಮೇಲೆ ಮೊಣಕೈವರೆಗೆ ಕೈ ತೊಳೆದು ಬಂದು ಕೂಸಿನ ಅಂಗಾಲು ಮುಟ್ಟಿದರು.

ಅದೇ ವಾರ ಇನ್‌ಕ್ಯುಬೇಟರಿನ ಮೇಲೆ ಅವರ ಕೈಬರಹದ ಚೀಟಿ ಅಂಟಿತು: 'ಇದಕ್ಕ ರಜಾ ಇಲ್ಲ.' ಜೊತೆಗೆ ಹೊಸ ಪದ್ಧತಿಯೊಂದು ಬಂತು. ಗಾಯದ ಪ್ರತಿ ಕೀವಿಗೂ ಎರಡು ಪ್ಲೇಟು. ಒಂದು ಪೆಟ್ಟಿಗೆಯೊಳಗೆ, ಇನ್ನೊಂದು ಹೊರಗೆ ಮೇಜಿನ ಮೇಲೆ.

ನಿವೃತ್ತರಾದ ಮೇಲೂ ಕಟ್ಟೆಗೆ ಬಂದು ಕೂರುತ್ತಿದ್ದ ಮೇಡಂ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ನಾನೀಗ ಗಾಯದ ಬ್ಯಾಕ್ಟೀರಿಯಾಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದೇನೆ, ಅದೇ ಕೋಣೆಯಲ್ಲಿ. ಹೊರಗಿಟ್ಟ ಪ್ಲೇಟು ಹೆಚ್ಚಿನ ದಿನ ಹೊಸದೇನನ್ನೂ ಹೇಳುವುದಿಲ್ಲ. ಆದರೂ ಕಂಡದ್ದನ್ನು ಮೊದಲು ಬರೆಯುತ್ತೇನೆ.

ಈ ಸಲದ ಖಂಡೇ ಪೂಜೆಗೂ ಅಟೆಂಡರ್ ಎಲ್ಲಕ್ಕೂ ಕುಂಕುಮ ಹಚ್ಚಿದ. ಮಾಸಿದ ಚೀಟಿಗೂ ಒಂದು ಬೊಟ್ಟು ಇಟ್ಟ. ಗುಂಡಿಯನ್ನು ಮುಟ್ಟಲಿಲ್ಲ. ಬಾಗಿಲು ಹಾಕುವ ಮುಂಚೆ ತಿರುಗಿ ಕೇಳಿದ:

"ಅಕ್ಕಾರ ಪ್ಲೇಟ್ ಹೊರಗ ಇಟ್ರೇನ್ರಿ?"

"ಇಟ್ಟೀನ್ರಿ," ಅಂದೆ.