ಮಣಿಕಟ್ಟಿನ ಹಸಿರು ಗೆರೆ

"ನಂಬಿದರೆ ನಂಬಿ, ಬಿಟ್ಟರೆ ಬಿಡಿ" ಎಂದು ಮಾತು ಶುರು ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ದೆವ್ವ, ಗಾಳಿ, ಸೂಚನೆ ಎಂದವರೆಲ್ಲರ ಬಾಯಿ ಮುಚ್ಚಿಸಿದವಳು ನಾನು. ಈಗ ನಾನೇ ಹಾಗೆ ಶುರು ಮಾಡಬೇಕಾಗಿ ಬಂದಿದೆ.

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ವಾರ್ಡುಗಳಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಅಂದರೆ ಯಾರು ಕೈ ತೊಳೆದರು, ಯಾರು ತೊಳೆಯಲಿಲ್ಲ ಎಂದು ಕಣ್ಣಿಡುವ ಕೆಲಸ. ಅನುಮಾನ ಪಡುವುದಕ್ಕೇ ನನಗೆ ಸಂಬಳ ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಆ ತಿಂಗಳು ಹೆರಿಗೆ ವಾರ್ಡಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಮೂವರು ಬಾಣಂತಿಯರ ಹೊಲಿಗೆ ಕೀವಾಯಿತು. ನನ್ನ ಅನುಮಾನ ಆಯಾ ರತ್ನಮ್ಮನ ಮೇಲೆ. ಮೊಣಕೈ ಕೆಳಗೆ ಬಳೆ, ಉಂಗುರ, ದಾರ ಏನೂ ಇರಬಾರದು ಎಂಬುದು ನಿಯಮ. ರತ್ನಮ್ಮ ಗಾಜಿನ ಬಳೆ ತೆಗೆಯಲು ಒಪ್ಪಿರಲಿಲ್ಲ. "ಗಂಡ ಇರೋಳು ಬರಿಗೈಯಾಗೆ ಹೆಂಗ್ ತಿರುಗಾಡ್ಲಿ ಸಿಸ್ಟರ್?" ಎಂದಿದ್ದಳು. ಅವಳನ್ನು ಕೆಲಸದಿಂದ ತೆಗೆಯಬೇಕೆಂದು ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಸಂಜೆ ದೊಡ್ಡ ಡಾಕ್ಟರಿಗೆ ಕೊಡುವವಳಿದ್ದೆ.

ಅದೇ ಮಧ್ಯಾಹ್ನ ಕೈ ಸ್ವಚ್ಛತೆಯ ವಿಆರ್ ತರಬೇತಿ ಇತ್ತು. ದಪ್ಪ ಕನ್ನಡಕದಂಥದ್ದನ್ನು ಕಣ್ಣಿಗೆ ಕಟ್ಟಿದರೆ ಎದುರಿಗೆ ಒಂದು ವಾರ್ಡು ಕಾಣುತ್ತದೆ. ಮಂಚ, ರೋಗಿ, ಸ್ಯಾನಿಟೈಸರ್ ಬಾಟಲಿ, ನಮ್ಮದೇ ಎನ್ನುವಂಥ ಎರಡು ನೀಲಿ ಕೈ. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈ ಉಜ್ಜಬೇಕು. ಕೊಳೆ ಉಳಿದ ಜಾಗ ಕೊನೆಗೆ ಹಸಿರಾಗಿ ಹೊಳೆಯುತ್ತದೆ. ರತ್ನಮ್ಮನ ಸರದಿ ಮೊದಲು ಬಂತು. ಒಂದು ಚುಕ್ಕೆಯೂ ಹಸಿರಾಗಲಿಲ್ಲ. ತರಬೇತಿ ಕೊಡಲು ಬಂದಿದ್ದ ಹೆಂಗಸು ಮೊದಲೇ ಹೇಳಿಕೊಟ್ಟಿರಬೇಕು ಅಂದುಕೊಂಡೆ.

ಆಮೇಲೆ ನಾನು ಕಟ್ಟಿಕೊಂಡೆ. ಎಲ್ಲವನ್ನೂ ಕ್ರಮದಂತೆ ಮಾಡಿದೆ. ಕೊನೆಗೆ ನೋಡಿದರೆ ಎಡಗೈ ಮಣಿಕಟ್ಟಿನ ಸುತ್ತ ತೆಳ್ಳನೆಯ ಹಸಿರು ಗೆರೆ, ಹೆಬ್ಬೆರಳಿನ ಕಡೆ ಪುಟ್ಟ ಗಂಟು. ಉಜ್ಜಿದೆ, ಹೋಗಲಿಲ್ಲ. ಮತ್ತೆ ಉಜ್ಜಿದೆ. ಗೆರೆ ಹಾಗೇ ಇತ್ತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮದು ಮತ್ತೋಡು ಕಡೆಯ ಕುರಿ ಸಾಕುವ ಮನೆತನ. ಕೆಲಸ ಸಿಕ್ಕಾಗ ಅವ್ವ ಮನೆದೇವರ ಮುಂದೆ ನನ್ನ ಎಡಗೈಗೆ ಕರಿ ಉಣ್ಣೆಯ ಕಂಕಣ ಕಟ್ಟಿದ್ದಳು. ಅದನ್ನು ಬಿಚ್ಚಲು ಮನಸ್ಸು ಬಾರದೆ, ಕೋಟಿನ ತೋಳಿನೊಳಗೆ ಮುಚ್ಚಿಟ್ಟುಕೊಂಡೇ ಊರಿಗೆಲ್ಲ ನಿಯಮ ಹೇಳುತ್ತಿದ್ದೆ. ಉಣ್ಣೆ ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ, ಕೊಳೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಕುರಿ ಸಾಕುವ ಮನೆಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕನ್ನಡಕ ಕಿತ್ತು, "ಮಣಿಕಟ್ಟಿನ ಮೇಲೆ ಹಸಿರು ಯಾಕೆ?" ಎಂದು ಕೇಳಿದೆ. ಆ ಹೆಂಗಸು ಲ್ಯಾಪ್‌ಟಾಪಿನಲ್ಲಿ ನನ್ನ ಸರದಿಯನ್ನು ಮತ್ತೆ ಓಡಿಸಿ ತೋರಿಸಿದಳು. ಕೈ ಸ್ವಚ್ಛವಾಗಿತ್ತು. "ಈ ಕೈಗೆ ಮಣಿಕಟ್ಟೇ ಇಲ್ವಲ್ಲ ಮೇಡಂ. ಅಂಗೈವರೆಗೆ ಮಾತ್ರ ಮಾಡಿರೋದು" ಎಂದಳು. ನಿಜ. ಅಂಗೈ ಮುಗಿದಲ್ಲೇ ನೀಲಿ ಕೈಯೂ ಮುಗಿದಿತ್ತು.

ಯಾರೋ ನನ್ನನ್ನು ಆಟ ಆಡಿಸುತ್ತಿದ್ದಾರೆ ಎನಿಸಿ ರತ್ನಮ್ಮನ ಕಡೆ ತಿರುಗಿದೆ. ಅವಳು ನನ್ನ ತೋಳನ್ನೇ ನೋಡುತ್ತಿದ್ದಳು. "ನೀನೇನಾದ್ರೂ ಇವ್ರಿಗೆ ಹೇಳಿದ್ಯಾ?" ಎಂದೆ.

"ನಾನೇನ್ ಹೇಳ್ಲಿ ಸಿಸ್ಟರ್? ನಿಮ್ಮ ಕೈಯಾಗೆ ದಾರ ಐತೆ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಒಬ್ರ ಮುಂದೂ ಆಡಿಲ್ಲ" ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಕಂಕಣವನ್ನು ಕತ್ತರಿಸಿ, ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪತ್ರ ಬ್ಯಾಗಿನಲ್ಲೇ ಉಳಿಯಿತು. ಮಾರನೆಯ ದಿನ ರತ್ನಮ್ಮ ತಾನಾಗಿಯೇ ಬಳೆ ತೆಗೆದಿಟ್ಟು ಬಂದಳು. ಆಮೇಲೆ ಆ ವಾರ್ಡಿನಲ್ಲಿ ಯಾರ ಹೊಲಿಗೆಯೂ ಕೀವಾಗಲಿಲ್ಲ. ಸೋಂಕು ದಾರದಿಂದ ಬಂದಿತ್ತೋ, ಬಳೆಯಿಂದಲೋ, ಎರಡರಿಂದಲೂ ಅಲ್ಲವೋ, ಈಗ ಹೇಳುವ ಹಾಗಿಲ್ಲ.

ಒಳಗೆ ಅಳುಕಿದ್ದವರಿಗೆ ಇಲ್ಲದ್ದೂ ಕಾಣುತ್ತದೆ ಎಂದು ನೀವು ಹೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅವ್ವ ಗಂಟು ಹಾಕಿದ್ದು ಕಿರುಬೆರಳಿನ ಕಡೆಗೆ. ಅದು ಅಲ್ಲೇ ಇದೆ ಎಂದೇ ನಾನು ತಿಳಿದಿದ್ದೆ. ಕತ್ತರಿಸಲು ತೋಳು ಸರಿಸಿದಾಗ ಗಂಟು ಹೆಬ್ಬೆರಳಿನ ಕಡೆ ಇತ್ತು, ಕನ್ನಡಕದಲ್ಲಿ ಕಂಡ ಜಾಗದಲ್ಲೇ. ದಾರ ತಿರುಗಿರಬಹುದು. ಅದು ತಿರುಗಿದ್ದು ನನಗೇ ಗೊತ್ತಿಲ್ಲದಾಗ, ಮಣಿಕಟ್ಟೇ ಇಲ್ಲದ ಆ ಕೈಗೆ ಹೇಗೆ ಗೊತ್ತಾಯಿತು?

ರತ್ನಮ್ಮ ಈಗಲೂ ಸಂತೆಯಲ್ಲಿ ಸಿಗುತ್ತಾಳೆ. ನನ್ನ ಗುಟ್ಟು ಕಾಪಾಡಿದ್ದನ್ನು ಅವಳು ಒಂದು ದಿನವೂ ಎತ್ತಿ ಆಡಿಲ್ಲ. ಆ ಪತ್ರದ ವಿಷಯ ನಾನೂ ಅವಳಿಗೆ ಇದುವರೆಗೆ ಹೇಳಿಲ್ಲ.