ಕಂಪ್ಯೂಟರಿಗೆ ಹೊಲಿದ ಜೀನ್ಸ್ ಅಂಗಿ

ಕಂಪ್ಯೂಟರ್ ಕೆಟ್ಟಿರಲಿಲ್ಲ. ಅಂಗಡಿಯವನು ಮೋಸ ಮಾಡಿರಲಿಲ್ಲ. ನಮ್ಮ ಬೀದಿಯ ಕರೆಂಟನ್ನು ಬೈದದ್ದೂ ದಂಡ. ನಾನು ಅದಕ್ಕೆ ದಪ್ಪ ಬಟ್ಟೆಯ ಅಂಗಿ ಹೊಲಿದು ತೊಡಿಸಿ ಉಸಿರು ಕಟ್ಟಿಸಿದೆ. ನಡೆದದ್ದು ಇಷ್ಟೇ. ಇಷ್ಟು ತಿಳಿಯಲು ನಮಗೆ ಮೂರು ದಿನ ಹಿಡಿಯಿತು. ಅಷ್ಟರಲ್ಲಿ ನನ್ನ ಸೊಸೆ ಬೆಂಗಳೂರಿಗೆ ಹೊರಡಲು ಬ್ಯಾಗು ಕಟ್ಟಿ ಬಾಗಿಲ ಹತ್ತಿರ ಇಟ್ಟಾಗಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ರಾಯದುರ್ಗಕ್ಕೆ ಜೀನ್ಸ್ ಹೊಲಿಯುವ ಕೆಲಸ ಬಂದಾಗಿನಿಂದ ಮಿಷನ್ನಿನ ಮುಂದೆ ಕೂತವಳು. ಮೊದಲು ಕೂಲಿಗೆ ಹೋಗುತ್ತಿದ್ದೆ, ಆಮೇಲೆ ಮನೆಯಲ್ಲೇ ಎರಡು ಹಳೆಯ ಮಿಷನ್ ಇಟ್ಟುಕೊಂಡೆ. ಹಳೆಯದನ್ನು ಕೊಳ್ಳುವಾಗ ನಾನು ಬಣ್ಣ ನೋಡುವುದಿಲ್ಲ. ಮೋಟಾರ್ ಓಡಿಸಿ, ಹಲಗೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೂರುತ್ತೇನೆ. ಬೇರಿಂಗ್ ಸವೆದಿದ್ದರೆ ಕೈಗೇ ಗೊತ್ತಾಗುತ್ತದೆ. ಈ ಒಂದು ವಿದ್ಯೆಯಲ್ಲಿ ನನ್ನನ್ನು ಯಾರೂ ಮೀರಿಸಲಾರರು ಎಂದು ನಂಬಿದ್ದೆ. ನಂಬಿದ್ದೇ ತಪ್ಪಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಸೊಸೆ ಮಡಕಶಿರಾ ಕಡೆಯವಳು, ಗುಡಿಬಂಡೆ ಹತ್ತಿರದ ಹಳ್ಳಿ. ಅವಳ ಗಂಟಲು ಚೆನ್ನಾಗಿದೆ. ಹಾಡುವುದಿಲ್ಲ, ಆದರೆ ಮಾತಾಡಿದರೆ ಬೀದಿಯ ಆ ತುದಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ನಾಲ್ಕು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಳು. ನನ್ನ ಮಗ ಬಳ್ಳಾರಿಯಲ್ಲಿ ಬಟ್ಟೆ ಕಟಿಂಗಿಗೆ ಹೋಗುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವರ ಮಗಳನ್ನು ನೋಡಿಕೊಳ್ಳುವ ಪಾಳಿ ನನ್ನದು. ಆ ಮಗು ನನ್ನನ್ನೇ ಅವ್ವ ಎನ್ನಲು ಶುರುಮಾಡಿತು. ಸೊಸೆ ಹಬ್ಬಕ್ಕೆ ಬಂದಾಗ ಅದನ್ನು ಕೇಳಿ ಮುಖ ಸಣ್ಣ ಮಾಡಿಕೊಂಡಳು. ನನಗೇನೂ ಸಂತೋಷವಿರಲಿಲ್ಲ, ಅವ್ವನಾಗುವ ವಯಸ್ಸು ನನಗೆ ಎಂದೋ ದಾಟಿತ್ತು. ಅವಳು ಕೆಲಸ ಬಿಟ್ಟು ಬಂದಳು.

ಬಂದವಳು ಫೋನಿನಲ್ಲಿ ತರಕಾರಿ ಆಟೋದವನೊಬ್ಬನಿಗೆ ಕೂಗು ರೆಕಾರ್ಡ್ ಮಾಡಿಕೊಟ್ಟಳು. ಟೊಮೇಟೊ, ಈರುಳ್ಳಿ, ಅಷ್ಟೇ. ಅದು ಹೇಗೋ ಮಡಕಶಿರಾದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಒಬ್ಬರ ಕಿವಿಗೆ ಬಿತ್ತು. ಪ್ರಚಾರದ ಆಟೋಗಳಿಗೆಲ್ಲ ಕೂಗು ತುಂಬಿಸಿ ಕೊಡುವವರು ಅವರೇ. ನಮ್ಮ ಆಂಧ್ರ-ಕರ್ನಾಟಕ ಗಡಿಯಲ್ಲಿ ಆಟೋ ಒಂದು ಊರಲ್ಲಿ ತೆಲುಗು ಕೂಗಬೇಕು, ಮುಂದಿನ ಊರಲ್ಲಿ ಕನ್ನಡ. ಎರಡೂ ಒಂದೇ ಗಂಟಲಲ್ಲಿ ಸಿಕ್ಕರೆ ಅವರಿಗೆ ಲಾಭ. ಫೋನ್ ಮಾಡಿ ಹೇಳಿದರು: ದನಿ ಸರಿಯಾಗಿದೆ, ಆದರೆ ಹಿಂದೆ ಯಾರೋ ಬಟ್ಟೆ ಹೊಲಿಯುತ್ತಿದ್ದಾರೆ. ಸದ್ದಿಲ್ಲದೆ ಐದು ಕೂಗು ಮಾಡಿ ಮುಂದಿನ ಶುಕ್ರವಾರ ಸಂಜೆಯೊಳಗೆ ಕಳಿಸಿದರೆ ಕೆಲಸವೆಲ್ಲ ನಿನಗೆ. ಇಲ್ಲದಿದ್ದರೆ ಹಿಂದೂಪುರದಲ್ಲಿ ಒಬ್ಬಾಕೆ ಇದ್ದಾಳೆ.

ಹಿಂದೆ ಹೊಲಿಯುತ್ತಿದ್ದವಳು ನಾನೇ.

ಸೊಸೆ ಬ್ಯಾಂಕಿಗೆ ಬಂದು ಬಿದ್ದಿದ್ದ ಗಾರ್ಮೆಂಟ್ಸಿನ ಪಿ.ಎಫ್. ದುಡ್ಡು ತೆಗೆದಳು. ರೆಕಾರ್ಡಿಂಗಿಗೆ ಎಂಥ ಕಂಪ್ಯೂಟರ್ ಬೇಕು ಎಂದು ಫೋನಿನಲ್ಲಿ ನೋಡಿ ನೋಡಿ ಒಂದು ಹಾಳೆಯ ತುಂಬ ಬರೆದಳು. ಶನಿವಾರ ಬಳ್ಳಾರಿಗೆ ಹೋದೆವು. ಕಂಪ್ಯೂಟರ್ ಬಿಡಿಬಿಡಿಯಾಗಿ ಮಾರುತ್ತಾರೆ ಎಂದು ನನಗೆ ಗೊತ್ತಾದದ್ದು ಆ ಅಂಗಡಿಯಲ್ಲಿ. ತಲೆ ಬೇರೆ, ಹಲಗೆ ಬೇರೆ, ನೆನಪಿನ ಪಟ್ಟಿ ಬೇರೆ, ಡಬ್ಬಿ ಬೇರೆ. ಎತ್ತು ಒಂದು ಕಡೆ, ನೊಗ ಒಂದು ಕಡೆ ಕೊಂಡಂತೆ.

ಅಂಗಡಿಯವನು ನಲವತ್ತರ ಆಸುಪಾಸಿನವನು, ಮೂಗಿನ ತುದಿಗೆ ಕನ್ನಡಕ. ಮೊದಲು ಒಂದು ಗಾಜಿನ ಡಬ್ಬಿ ತಂದಿಟ್ಟ. ಒಳಗೆ ಕೆಂಪು, ಹಸಿರು, ನೀಲಿ ದೀಪ ಓಡಾಡುತ್ತಿದ್ದವು.

“ಇದೇನಪ್ಪ, ಮದುವಿ ಮನಿ ಚಪ್ಪರೇನು?” ಅಂದೆ.

“ಈಗ ಎಲ್ಲಾರೂ ಇದನ್ನ ಕೇಳ್ತಾರ‍್ರಿ ಅಮ್ಮ.”

“ಎಲ್ಲಾರಿಗೂ ಕೊಡು. ನಮಗ ಬಾಯಿ ಮುಚ್ಕೊಂಡು ಕೆಲಸ ಮಾಡೋದು ಬೇಕು.”

ಸೊಸೆ ಹಾಳೆ ಬಿಚ್ಚಿ ಒಂದೊಂದೇ ಕೇಳಿದಳು. ಆಟ ಆಡುವವರಿಗೆ ಬೇಕಾದ ದೊಡ್ಡ ಕಾರ್ಡು ಬೇಡ ಅಂದಳು, ಅದರ ಮೇಲೇ ಎರಡು ಫ್ಯಾನು, ದನಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಆ ದುಡ್ಡಿಗೆ ರ‍್ಯಾಮ್ ಜಾಸ್ತಿ ಹಾಕಿಸಿದಳು. ಅವನು ಅವಳನ್ನು ಎರಡನೇ ಸಲ ನೋಡಿದ, ಕನ್ನಡಕ ಮೇಲೆ ತಳ್ಳಿಕೊಂಡ. ಹಾರ್ಡ್ ಡಿಸ್ಕಿನ ಮಾತು ಬಂದಾಗ ನಾನು ನಡುವೆ ಬಾಯಿ ಹಾಕಿದೆ. ಎರಡು ತರ ಇದ್ದವು. ಒಂದರೊಳಗೆ ತಟ್ಟೆ ತಿರುಗುತ್ತದೆ, ಜಾಗ ಹೆಚ್ಚು, ಬೆಲೆ ಕಡಿಮೆ. ಇನ್ನೊಂದರಲ್ಲಿ ಏನೂ ತಿರುಗುವುದಿಲ್ಲ. ತಿರುಗುವುದನ್ನು ಓಡಿಸಲು ಹೇಳಿ ಬೆರಳಿಟ್ಟೆ. ಕಾಳಿನ ಚೀಲದಲ್ಲಿ ಹುಳ ಕೊರೆದಂತಿತ್ತು. ತಿರುಗದೇ ಇರುವುದನ್ನು ಕೊಡು ಅಂದೆ. ಸೊಸೆಯ ಹಾಳೆಯಲ್ಲೂ ಅದೇ ಇತ್ತು, ಹಾಳೆ ತಿರುಗಿಸಿ ನನಗೆ ತೋರಿಸಿ ನಕ್ಕಳು.

ಫ್ಯಾನುಗಳನ್ನು ಮಾತ್ರ ನಾನೇ ಆರಿಸಿದೆ. ಅಂಗೈಯಷ್ಟಿರುವುದು ಸಿಡುಕುತ್ತದೆ, ಹೊಟ್ಟು ಕೇರುವ ಮೊರದಂತೆ ಸದ್ದು. ದೊಡ್ಡದು ನಿಧಾನಕ್ಕೆ ತಿರುಗುತ್ತದೆ, ಅಷ್ಟೇ ಗಾಳಿ ಕೊಡುತ್ತದೆ. ಐದು ಫ್ಯಾನು ಓಡಿಸಿ ಕೇಳಿ ಎರಡು ಎತ್ತಿಟ್ಟೆ. ಡಬ್ಬಿ ಕಪ್ಪು ತಗಡಿನದು, ಭಾರ, ಒಳಗೋಡೆಗೆ ಸ್ಪಂಜು ಅಂಟಿಸಿದ್ದು. ಪರದೆಯೂ, ಮೈಕೂ, ಅದರ ತಂತಿ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯೂ ಸೊಸೆಯ ಆಯ್ಕೆ. ಅಂಗಡಿಯವನು ಎಲ್ಲವನ್ನೂ ಡಬ್ಬಿಯೊಳಗೆ ಜೋಡಿಸಿಕೊಟ್ಟ. ಸಂಜೆ ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಡಿ. ಹಿರೇಹಾಳಿನಲ್ಲಿ ಹತ್ತಿದ ಹೆಂಗಸೊಬ್ಬಳು ಒಳಗೆ ಏನಿದೆ ಎಂದು ಕೇಳಿದಳು. ಸೊಸೆಯ ಉದ್ಯೋಗ ಅಂದೆ.

ಭಾನುವಾರ ಒಳಕೋಣೆಯ ಗೋಡೆಗೆಲ್ಲ ಜೀನ್ಸ್ ಚೂರಿನ ಕೌದಿ ನೇತು ಹಾಕಿದೆವು. ನಮ್ಮ ಮನೆಯಲ್ಲಿ ಚೂರಿಗೆ ಬರವಿಲ್ಲ. ಬೀದಿಯ ಮಿಷನ್ನುಗಳೆಲ್ಲ ಊಟದ ಹೊತ್ತಿಗೆ, ಒಂದರಿಂದ ಎರಡರವರೆಗೆ, ನಿಲ್ಲುತ್ತವೆ. ಕರೆಂಟು ಹೋದಾಗಲೂ ನಿಲ್ಲುತ್ತವೆ, ಆದರೆ ಆಗ ಕಂಪ್ಯೂಟರೂ ನಿಲ್ಲುತ್ತದೆ. ರಾತ್ರಿ ಬಹಳ ಹೊತ್ತಿನವರೆಗೆ ಮಿಷನ್ನು, ಆಮೇಲೆ ಬೀದಿ ನಾಯಿಗಳು. ಹಾಗಾಗಿ ಅವಳಿಗೆ ಸಿಗುವುದು ದಿನಕ್ಕೆ ಆ ಒಂದೇ ಗಂಟೆ.

ಸೋಮವಾರ ಮಧ್ಯಾಹ್ನ ಸೊಸೆ ಮೊದಲ ಕೂಗು ಕೂಗಿದಳು. ಕಿವಿಗೆ ಹಾಕಿಕೊಂಡು ಕೇಳಿ, ಚೆನ್ನಾಗಿದೆ, ಆದರೆ ಮಾತಿನ ಸಂದಿಯಲ್ಲಿ ಫ್ಯಾನಿನ ಗಾಳಿ ಸಣ್ಣಗೆ ಕೇಳುತ್ತಿದೆ ಅಂದಳು. ಫ್ಯಾನ್ ಆರಿಸಿದವಳು ನಾನು. ಆ ಮಾತು ನನಗೆ ಚುಚ್ಚಿತು. ಅವಳು ಮಗುವನ್ನು ಕರೆದುಕೊಂಡು ಕಿರಾಣಿ ಅಂಗಡಿಗೆ ಹೋದಾಗ ಡಬ್ಬಿಯ ಅಳತೆ ತೆಗೆದೆ. ದಪ್ಪ ಜೀನ್ಸ್ ನಾಲ್ಕು ಪದರ, ನಡುವೆ ಹಳೆಯ ಕಂಬಳಿ, ಜೋಡಿ ಹೊಲಿಗೆ, ಮೂಲೆ ಮೂಲೆಗೆ ಬಿಚ್ಚದಂತೆ ಟ್ಯಾಕ್ ಹೊಲಿಗೆ. ತಂತಿ ಹೊರಬರಲು ಒಂದೇ ಒಂದು ಕಾಜಾ, ಅದೂ ಬಿಗಿಯಾಗಿ. ತೊಡಿಸಿದರೆ ದರ್ಜಿಯ ಹತ್ತಿರ ಹೊಲಿಸಿದ ಕೋಟಿನಂತೆ ಕೂತಿತು. ಸದ್ದು ಪೂರ್ತಿ ನಿಂತಿತು. ಸೊಸೆ ಬಂದು ಕಿವಿಯಿಟ್ಟು ಕೇಳಿ, ಅತ್ತೆ ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು ಅಂದಳು. ಬಳೆ ಇನ್ನೂ ಬಂದಿಲ್ಲ.

ಮಂಗಳವಾರ ಅವಳು ಮೂರನೇ ಕೂಗಿನಲ್ಲಿದ್ದಳು, ಕುರಿಗೆ ಲಸಿಕೆ ಹಾಕುವ ಕ್ಯಾಂಪಿನದು. ಡಬ್ಬಿ ತಟಕ್ಕನೆ ಆಫ್ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಬಂತು, ಮತ್ತೆ ಹೋಯಿತು. ಆ ಹೊತ್ತಿಗೆ ಬೀದಿಯ ಮಿಷನ್ನುಗಳು ಶುರುವಾದವು.

ಬುಧವಾರ ಡಬ್ಬಿ ಹೊತ್ತು ಬಳ್ಳಾರಿಗೆ ಹೋದೆವು. ಅಂಗಿಯನ್ನು ಮನೆಯಲ್ಲೇ ಮಡಚಿಟ್ಟೆ, ಬಸ್ಸಿನ ಧೂಳಿಗೆ ಹಾಳಾಗಬಾರದು ಎಂದು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಾಲ್ವರಿಗೂ ಕೇಳುವಂತೆ ನಾನು ಅವನಿಗೆ ಹೇಳಿದೆ: ಸತ್ತ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಕೊಟ್ಟಿದ್ದೀಯ, ಹೆಣ್ಣುಮಕ್ಕಳು ಬಂದರೆ ಹಳೆಯದನ್ನು ತಳ್ಳುತ್ತೀಯ. ಇನ್ನೂ ಸ್ವಲ್ಪ ಹೇಳಿದೆ, ಅದನ್ನು ಬರೆಯುವುದಿಲ್ಲ. ಅವನು ಡಬ್ಬಿಯನ್ನು ಕರೆಂಟಿಗೆ ಹಚ್ಚಿಟ್ಟ. ಎರಡು ತಾಸು ಓಡಿತು, ಕೆಮ್ಮಲೂ ಇಲ್ಲ. ನಮಗೆ ಚಾ ತರಿಸಿದ. ವೋಲ್ಟೇಜ್ ಹೇಗಿದೆ, ಧೂಳು ಇದೆಯೇ ಎಂದು ಕೇಳಿದ. ಅಂಗಿ ತೊಡಿಸಿದ್ದೀರಾ ಎಂದು ಕೇಳಲಿಲ್ಲ. ಯಾವ ಅಂಗಡಿಯವನು ತಾನೇ ಕೇಳುತ್ತಾನೆ? ವೋಲ್ಟೇಜೇ ಇರಬೇಕು ಎಂದು ಸೊಸೆ ಕರೆಂಟ್ ಆಫೀಸನ್ನು ಬೈಯುತ್ತ ಬಂದಳು, ನಾನು ಅವನನ್ನು ಬೈಯುತ್ತ ಬಂದೆ.

ಗುರುವಾರ ಮಧ್ಯಾಹ್ನ ಅಂಗಿ ತೊಡಿಸಿದೆ, ಅವಳು ಕೂತಳು, ಡಬ್ಬಿ ಅರ್ಧ ಗಂಟೆಗೆ ಆಫ್ ಆಯಿತು. ಅವಳು ಕೂಗಾಡಲಿಲ್ಲ. ಎದ್ದು ಹೋಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಫೋನ್ ಮಾಡಿ ಸೋಮವಾರ ಬರುತ್ತೇನೆ ಎಂದು ಹೇಳಿದಳು. ನಾಲ್ಕು ಸೀರೆ, ತಟ್ಟೆ, ಲೋಟ ಬ್ಯಾಗಿಗೆ ತುಂಬಿದಳು. ಮಗು ಅದರ ಸುತ್ತ ಸುತ್ತುತ್ತ, ಯಾವ ಊರಿಗೆ, ನಾನೂ ಬರಲೇ ಎಂದು ಕೇಳುತ್ತಿತ್ತು.

ನಾನು ಡಬ್ಬಿಯ ಪಕ್ಕದಲ್ಲೇ ಕೂತಿದ್ದೆ. ರೆಕಾರ್ಡ್ ಮಾಡುವಾಗ ನನ್ನ ಜಾಗ ಅದು, ಮಗು ಬಾಗಿಲು ತೆಗೆಯದಂತೆ ಕಾಯಲು. ಬುಧವಾರ ಬಸ್ಸಿನಲ್ಲಿ ಭಾರ ಹೊತ್ತು ನನ್ನ ಎಡ ಮೊಣಕಾಲು ಊದಿತ್ತು. ಈಗ ನೋವಿರಲಿಲ್ಲ. ಕಾಲು ಯಾಕೆ ಹಿತವಾಗಿದೆ ಎಂದು ಬಗ್ಗಿ ನೋಡಿದೆ. ಮೊಣಕಾಲು ಡಬ್ಬಿಗೆ ಒರಗಿತ್ತು. ಮಂಗಳವಾರವೂ ಹೀಗೇ ಒರಗಿಸಿದ್ದು ನೆನಪಾಯಿತು, ಅಂದೂ ಹೀಗೇ ಹಿತವಾಗಿತ್ತು. ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟಂತೆ. ನಾಲ್ಕು ಪದರ ದಾಟಿ ಇಷ್ಟು ಶಾಖ ಬಂದರೆ ಒಳಗೆ ಎಷ್ಟಿರಬೇಕು? ಅಂಗಿಯ ಕೆಳಗೆ ಕೈ ಹಾಕಿದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿದಂತಾಯಿತು.

ಮಿಷನ್ನಿನ ಮೋಟಾರಿಗೆ ಬಟ್ಟೆ ಸುತ್ತಿಕೊಂಡರೆ ಸುಟ್ಟುಹೋಗುತ್ತದೆ ಎಂದು ಬೀದಿಯ ಹುಡುಗಿಯರಿಗೆ ಮೂವತ್ತು ವರ್ಷದಿಂದ ಹೇಳುತ್ತ ಬಂದವಳು ನಾನು.

ಸುಮ್ಮನೆ ಅಂಗಿ ತೆಗೆದಿಟ್ಟು, ಏನೂ ಆಗದವಳಂತೆ ಇರಬಹುದಿತ್ತು. ಒಂದು ಗಳಿಗೆ ಹಾಗೆಯೇ ಯೋಚಿಸಿದೆ ಕೂಡ. ಆದರೆ ಬ್ಯಾಗು ಬಾಗಿಲಲ್ಲಿತ್ತು. ಅವಳನ್ನು ಕರೆದೆ.

“ತಪ್ಪು ನಂದು. ಡಬ್ಬೀದಲ್ಲ, ಕರೆಂಟಿಂದಲ್ಲ. ಅಂಗಿ ಹಾಕಿ ಅದನ್ನ ಬೇಯಿಸೀನಿ.”

ಅವಳು ಬಂದು ತಗಡು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಅಂಗಿಯನ್ನು ಎತ್ತಿ, ಕಂಬಳಿಯ ಪದರವನ್ನು ಬೆರಳಲ್ಲಿ ಹಿಚುಕಿ ನೋಡಿದಳು. ಆಮೇಲೆ ನೆಲದ ಮೇಲೆ ಕೂತು ನಗಲು ಶುರುಮಾಡಿದಳು.

“ಅತ್ತೆ, ನನ್ನ ಬಾಣಂತನದಲ್ಲೂ ನೀವು ಹಿಂಗೇ ಮಾಡಿದ್ರಿ ಕಣತ್ತೆ. ಕಂಬಳಿ ಮ್ಯಾಲೆ ಕಂಬಳಿ, ಕೆಳಗೆ ಕೆಂಡ, ಕಿಟಕಿಗೆ ಗೋಣಿಚೀಲ. ನಂಗೆ ಬಾಯಿತ್ತು, ಬೇಡ ಅಂದೆ. ಪಾಪ ಅದು ಆಫಾಯ್ತು.”

“ನೀನು ಅಂದ್ರೂ ನಾನು ಬಿಡಲಿಲ್ಲಲ್ಲ” ಅಂದೆ.

“ಅದಕ್ಕೇ ಅದು ಕೇಳ್ದೆ ಆಫಾಗಿರೋದು. ನನಗಿಂತ ಬುದ್ಧಿ ಜಾಸ್ತಿ ಅದಕ್ಕೆ.”

ಉಳಿದದ್ದು ಒಂದೇ ದಿನ, ಅದರಲ್ಲಿ ಒಂದೇ ಗಂಟೆ. ಅಂಗಿ ಇಲ್ಲದಿದ್ದರೆ ಗಾಳಿಯ ಸದ್ದು ಕೇಳುತ್ತದೆ, ಇದ್ದರೆ ಡಬ್ಬಿ ಬೇಯುತ್ತದೆ. ಗದ್ದಲ ಮಾಡುವ ಗಂಡಸನ್ನು ಏನು ಮಾಡುತ್ತೇವೆ, ಹೊರಗಿನ ಜಗುಲಿಗೆ ಕಳಿಸುತ್ತೇವೆ ಅಂದೆ. ಒಳಕೋಣೆಗೂ ಅಡುಗೆಮನೆಗೂ ನಡುವೆ ಒಂದು ಸಣ್ಣ ಕಿಟಕಿ ಇದೆ. ಶುಕ್ರವಾರ ಬೆಳಿಗ್ಗೆಯೇ ಡಬ್ಬಿಯನ್ನು ಅಡುಗೆಮನೆಯಲ್ಲಿ ಅಕ್ಕಿ ಡ್ರಮ್ಮಿನ ಮೇಲೆ, ಗಾಳಿ ಆಡುವ ಕಡೆ, ಬರೀ ಮೈಯಲ್ಲಿ ಕೂರಿಸಿದೆವು. ತಂತಿಗಳು ಕಿಟಕಿಯಿಂದ ಒಳಕ್ಕೆ ಹೋದವು. ಟಿವಿಯಂಥ ಪರದೆಯ ತಂತಿ ಗಿಡ್ಡ, ಅದಕ್ಕೆ ಪರದೆ ಕಿಟಕಿಯ ಕಟ್ಟೆಯ ಮೇಲೇ ಕೂತಿತು. ಸುತ್ತ ಉಳಿದ ಸಂದಿಗೆ ನಾನು ಹೊಲಿದ ಆ ಅಂಗಿಯ ಹೊಲಿಗೆ ಬಿಚ್ಚಿ ತುರುಕಿದೆ. ಅದಕ್ಕಂತೂ ಅದು ಹೇಳಿ ಮಾಡಿಸಿದ್ದು.

ಅಂದು ಒಲೆ ಹಚ್ಚಲಿಲ್ಲ. ಮಗುವನ್ನು ಎತ್ತಿಕೊಂಡು ನಾನು ಬೀದಿ ಬಾಗಿಲಲ್ಲಿ ನಿಂತೆ, ಕೂಗುತ್ತ ಬರುವವರನ್ನೆಲ್ಲ ಕೈ ಮಾಡಿ ಆಚೆ ಕಳಿಸುತ್ತ. ಒಳಗೆ ಅವಳು ಕುರಿ ಲಸಿಕೆ, ಬೋರ್‌ವೆಲ್ ಮೋಟಾರ್ ರಿಪೇರಿ, ಸೀರೆ ಅಂಗಡಿ, ಟ್ಯೂಷನ್, ಮಾವಿನ ಹಣ್ಣು, ಐದನ್ನೂ ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಮುಗಿಸಿದಳು. ಬೀದಿಯ ಮೊದಲ ಮಿಷನ್ ಗುರ‍್ರೆನ್ನುವ ಹೊತ್ತಿಗೆ ಅವಳು ಬಾಗಿಲು ತೆಗೆದು ಹೊರಗೆ ಬಂದಿದ್ದಳು. ಬೆವರಿನಲ್ಲಿ ಮಿಂದಿದ್ದಳು, ಕೌದಿಯ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲವಲ್ಲ.

ಸಂಜೆ ಮಡಕಶಿರಾದವರ ಫೋನ್ ಬಂತು. ಹಿಂದೆ ಏನೂ ಕೇಳುವುದಿಲ್ಲ, ಯಾವ ಸ್ಟುಡಿಯೋಕ್ಕೆ ಹೋಗಿದ್ದೆ ಎಂದು ಕೇಳಿದರು. ಅಡುಗೆಮನೆ ಪಕ್ಕದ್ದು ಅಂದಳು. ಸೋಮವಾರದಿಂದ ಕೆಲಸ ಕಳಿಸುತ್ತೇವೆ ಎಂದರು. ಅವಳು ಗಾರ್ಮೆಂಟ್ಸಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ತಿಳಿಸಿ, ಬ್ಯಾಗಿನಿಂದ ತಟ್ಟೆ ತೆಗೆದು ಅದರಲ್ಲೇ ಉಂಡಳು.

ಮಾರನೆಯ ದಿನ ಬೆಳಿಗ್ಗೆ ನಾನು ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದೆ. ಅಂಗಡಿಯವನು ಆಗಷ್ಟೇ ಶಟರ್ ಎತ್ತಿ ಕಸ ಗುಡಿಸುತ್ತಿದ್ದ. ನನ್ನನ್ನು ಕಂಡು ಪೊರಕೆ ಹಿಡಿದೇ ನಿಂತ. “ಮತ್ತ ಆಫ್ ಆತೇನ್ರಿ ಅಮ್ಮ?” ಅಂದ. ಇಲ್ಲ, ಒಂದು ಮಾತು ಹೇಳಬೇಕು, ಆದರೆ ಈಗಲ್ಲ ಅಂದೆ. ಬೈದಾಗ ನಾಲ್ಕು ಜನ ಇದ್ದರು, ಈಗ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಕೂತೆ. ಹತ್ತು ಗಂಟೆಗೆ ಒಬ್ಬ ಬಂದ, ಆಮೇಲೆ ಇಬ್ಬರು ಒಟ್ಟಿಗೆ. ನಾಲ್ಕನೆಯವನು ಒಳಗೆ ಕಾಲಿಟ್ಟ ಮೇಲೆ ನಾನು ಎದ್ದು ನಿಂತು, ತಪ್ಪು ಇವನ ಅಂಗಡಿಯದಲ್ಲ, ನಾನು ತೊಡಿಸಿದ ಅಂಗಿಯದು ಎಂದು ಬುಧವಾರದಷ್ಟೇ ಗಟ್ಟಿಯಾಗಿ ಹೇಳಿದೆ.